ಹುಚ್ಚವ್ವನ ಕೊಂಡಿ, ಅಹ್ಮದಸಾಬರ ಕೀಲಿಮಣೆ

ಕಮತಗಿ
೧೪ ಆಗಸ್ಟ್ ೨೦೨೪

ಈ ಪತ್ರ ಓದುತ್ತಿರುವ ಕಣ್ಣಿಗೆ ಮೊದಲೇ ಹೇಳಿಬಿಡುತ್ತೇನೆ. ನೀನು ನನ್ನ ಮೊಮ್ಮಗಳು ಸುಧಾರಾಣಿ ಅಲ್ಲದಿದ್ದರೆ ಈಗಿಂದೀಗಲೇ ಮಡಚಿ ಲಕೋಟೆಯೊಳಗೆ ತುರುಕು. ಮಂದಿಯ ಪತ್ರ ಓದಿದವರ ಕಣ್ಣಿಗೆ ಕುರು ಏಳುತ್ತದೆ. ಇನ್ನೂ ಓದುತ್ತಿದ್ದೀಯಾ? ಮಾನ ಮರ್ಯಾದೆ ಸಂತೆಯಲ್ಲಿ ಮಾರಿಕೊಂಡು ಬಂದೆಯೇನು? ನೀನು ಸುಧಾರಾಣಿಯೇ ಆಗಿದ್ದರೆ ನಿನಗೂ ಬೈಗುಳ ಇದೆ, ಬಾಗಿಲು ಹಾಕಿಕೊಂಡು ಓದು.

ಫೋನಿನಲ್ಲಿ ಹೇಳಿದರೆ "ಹೂಂ ಆಯಿ, ಹೂಂ ಆಯಿ" ಅನ್ನುತ್ತೀ, ಅತ್ತ ಇನ್ನೊಂದು ಕೆಲಸ ಮಾಡುತ್ತಿರುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೆಯ ಇಯತ್ತೆ ಓದಿದವಳ ಅಕ್ಷರ ಎಂದು ನಗಬೇಡ. ನಿನ್ನ ಬಾಡಿಗೆ ಖೋಲಿಯ ವಿಳಾಸ ನನ್ನ ಹತ್ತಿರ ಇಲ್ಲ, ಕಚೇರಿಗೇ ಹಾಕಿದ್ದೇನೆ.

ಪಂಚಮಿಗೆಂದು ಅವ್ವನ ಜೊತೆ ಬಂದವಳು ಜೋಕಾಲಿ ಏರಲಿಲ್ಲ, ಉಂಡಿ ಮುರಿಯಲಿಲ್ಲ. ನೀನು ಅವ್ವನ ಮುಂದೆ ಅತ್ತದ್ದನ್ನು ನಾನು ಒಲೆಯ ಹತ್ತಿರ ಕುಳಿತು ಕೇಳಿದೆ. ರೊಕ್ಕ ಕೊಟ್ಟು ತಂದ ಸಾಫ್ಟ್‌ವೇರ್ ತೆಗೆಯಿರಿ, ಪುಕ್ಕಟೆ ಸಿಗುವುದನ್ನು ಹಾಕಿರಿ ಎಂದು ಸರ್ಕಾರ ನಿಮ್ಮ ಇಲಾಖೆಗೆ ಹೇಳಿತಂತೆ. ನೀನು ಒಂದೇ ರಜೆಯ ಶನಿವಾರ ಬಾದಾಮಿ ಕಚೇರಿಯ ಒಂಬತ್ತೂ ಕಂಪ್ಯೂಟರ್ ತೊಳೆದು ಹೊಸದು ತುಂಬಿಸಿದೆಯಂತೆ. ಸೋಮವಾರ ಬಂದವರು ತಮ್ಮ ಮನೆಯಲ್ಲೇ ತಂಬಿಗೆ ಎಲ್ಲಿದೆ ಎಂದು ತಡಕಾಡುವ ಹಾಗಾಯಿತಂತೆ. ಡಿಸೆಂಬರ್ ಕೊನೆಗೆ ಎಲ್ಲರೂ ಸಹಿ ಹಾಕಿ ಅಭಿಪ್ರಾಯ ಕೊಡಬೇಕು. ಹಿರಿಯ ಗುಮಾಸ್ತ "ಆಗುವುದಿಲ್ಲ" ಅಂದರೆ ಉಳಿದವರೂ ಅವನ ಬೆನ್ನಿಗೆ. ಆಗ ಹಳೆಯದೇ ವಾಪಸು, ನಿನ್ನ ಗುತ್ತಿಗೆಯ ನೌಕರಿಗೂ ಶರಣು.

ಬುದ್ಧಿ ಎಲ್ಲಿಟ್ಟಿದ್ದೆ? ಪುಕ್ಕಟೆ ಬಂದದ್ದು ಎಷ್ಟು ದಿನ ಬಾಳುತ್ತದೆ? ಇನ್ನು ಆ ಹಿರಿಯ ಗುಮಾಸ್ತ, ಅಹ್ಮದಸಾಬ ಎಂಬ ಮುದುಕ. ಮುಂದಿನ ಜೂನಿಗೆ ನಿವೃತ್ತಿಯಂತೆ, ಇನ್ನೂ ಕುರ್ಚಿಗೆ ಜಿಗಣಿಯ ಹಾಗೆ ಅಂಟಿದ್ದಾನೆ. ಹೊಸದು ಕಲಿಯಲಿಕ್ಕೆ ಮೈಗಳ್ಳತನ, ಅದಕ್ಕೆ ತತ್ವದ ಶಾಲು ಹೊದಿಸಿದ್ದಾನೆ. ಒಂದು ದಿನ ನಾನೇ ಬಸ್ಸು ಹತ್ತಿ ಬಂದು ಆ ಶಾಲು ಜಗ್ಗುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಆಯಿ,
ಹುಚ್ಚವ್ವ

*

ಬಾದಾಮಿ
೨೩ ಆಗಸ್ಟ್ ೨೦೨೪

ಶ್ರೀಮತಿ ಹುಚ್ಚವ್ವನವರಿಗೆ,

ವಿಷಯ: ಕುರ್ಚಿಗೆ ಅಂಟಿದ ಜಿಗಣಿಯ ಬಗ್ಗೆ.
ಉಲ್ಲೇಖ: ತಮ್ಮ ಪತ್ರ ದಿನಾಂಕ ೧೪-೮-೨೦೨೪, ನಮ್ಮ ಆವಕ ಸಂಖ್ಯೆ ೪೧೨.

ತಾವು ಬೈದ ಕಣ್ಣು ನನ್ನದೇ. ಲಕೋಟೆಯ ಮೇಲೆ "ಸುಧಾರಾಣಿ, ಕಂಪ್ಯೂಟರ್ ವಿಭಾಗ" ಎಂದು ಕಚೇರಿಯ ವಿಳಾಸ ಇತ್ತು. ಕಚೇರಿಗೆ ಬಂದ ಟಪಾಲನ್ನು ಒಡೆದು, ಮುದ್ರೆ ಒತ್ತಿ, ನಂಬರು ಹಾಕಿ, ಆಮೇಲೆ ಓದುವುದು ನನ್ನ ಕೆಲಸ. ಮೂವತ್ತಮೂರು ವರ್ಷದ ಕೈ ಅದು, ತಲೆಯನ್ನು ಕೇಳದೆ ನಡೆಯುತ್ತದೆ. ಮೊದಲ ಸಾಲು ಓದಿದಾಗಲೇ ಮಡಚಬೇಕಿತ್ತು, ಒಪ್ಪುತ್ತೇನೆ. ಆದರೆ ಅಷ್ಟರಲ್ಲಿ ನಂಬರು ಬಿದ್ದಾಗಿತ್ತು. ನಂಬರು ಬಿದ್ದ ಪತ್ರಕ್ಕೆ ತಿಂಗಳೊಳಗೆ ಉತ್ತರ ಹೋಗಲೇಬೇಕು. ಆದಕಾರಣ ಪೂರ್ತಿ ಓದಿದೆ. ಮೂರು ಸಲ ಓದಿದೆ.

ತಮ್ಮ ಪತ್ರದ ಒಂದು ತಪ್ಪನ್ನು ತಿದ್ದುವುದು ಅಗತ್ಯ. ಹೊಸ ಸಾಫ್ಟ್‌ವೇರಿನ ವಿಶೇಷ ಪುಕ್ಕಟೆ ಎಂಬುದಲ್ಲ. ಹಳೆಯದು ಬೀಗ ಹಾಕಿದ ಪೆಟ್ಟಿಗೆಯಂಥದು. ಒಳಗೆ ಏನಿದೆಯೆಂದು ನೋಡುವಂತಿಲ್ಲ, ಕೆಟ್ಟರೆ ನಾವು ತಿದ್ದುವಂತಿಲ್ಲ, ಪಕ್ಕದ ಕಚೇರಿಗೆ ಕೊಡುವಂತಿಲ್ಲ. ವರ್ಷ ತುಂಬಿದರೆ ಬಳಸುವ ಹಕ್ಕಿಗೇ ಮತ್ತೆ ಶುಲ್ಕ. ಹೊಸದರ ಒಳಗನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಬಲ್ಲವರು ತಿದ್ದಬಹುದು. ತಿದ್ದಿದ್ದನ್ನು ಇನ್ನೊಬ್ಬರಿಗೆ ಹಂಚಬಹುದು. ಎಲ್ಲೆಲ್ಲಿಯೋ ಕುಳಿತ, ಒಬ್ಬರ ಮುಖ ಒಬ್ಬರು ಕಾಣದ ಸಾವಿರಾರು ಜನ ಕೂಡಿ ಕಟ್ಟಿದ್ದು ಅದು.

ಇಷ್ಟು ಹೊಗಳಿದವನು ವಿರೋಧಿಯೇ ಎಂದು ಕೇಳಬೇಡಿ. ವಿರೋಧಿಸುವ ವಸ್ತುವನ್ನೂ ಸರಿಯಾಗಿ ವರ್ಣಿಸುವುದು ಗುಮಾಸ್ತನ ಧರ್ಮ. ನಮ್ಮ ಕಚೇರಿಗೆ ಅದು ಹೊಂದುವುದಿಲ್ಲ. ಡಿಸೆಂಬರಿನಲ್ಲಿ ಹಾಗೆಯೇ ಬರೆಯುತ್ತೇನೆ.

ತಮ್ಮ ಪತ್ರವನ್ನು ಸುಧಾರಾಣಿಯ ಕೈಗೆ ಇನ್ನೂ ಕೊಟ್ಟಿಲ್ಲ. ಕೊಡಬೇಕೆ, ಹಿಂದಿರುಗಿಸಬೇಕೆ, ತಿಳಿಸಿ.

ತಮ್ಮ ವಿಶ್ವಾಸಿ,
ಅಹ್ಮದಸಾಬ

*

ಕಮತಗಿ
೧ ಸೆಪ್ಟೆಂಬರ್ ೨೦೨೪

ಅಹ್ಮದಸಾಬರಿಗೆ ಹುಚ್ಚವ್ವನ ಶರಣು.

ಜಿಗಣಿ ಅಂದದ್ದು ನನ್ನ ತಪ್ಪು. ಜಿಗಣಿಗೆ ಓದಲು ಬರುವುದಿಲ್ಲ.

ನಿಮ್ಮ ಪತ್ರವನ್ನು ಓಣಿಯಲ್ಲೆಲ್ಲ ತೋರಿಸಿಕೊಂಡು ಬಂದೆ. ನಂಬರು ಹಾಕಿಸಿಕೊಂಡು ಸರ್ಕಾರದಿಂದ ಉತ್ತರ ತರಿಸಿದ ಹೆಂಗಸು ನಮ್ಮ ಓಣಿಯಲ್ಲಿ ನಾನೊಬ್ಬಳೇ. ಜಿಗಣಿಯ ಸಾಲಿನ ಮೇಲೆ ಮಾತ್ರ ಹೆಬ್ಬೆರಳು ಇಟ್ಟು ತೋರಿಸಿದೆ. ನನ್ನ ಹಳೆಯ ಪತ್ರ ಹುಡುಗಿಗೆ ಕೊಡಬೇಡಿ. ನಾವಿಬ್ಬರೂ ಬರೆದುಕೊಳ್ಳುವುದೂ ಅವಳಿಗೆ ಗೊತ್ತಾಗುವುದು ಬೇಡ.

ಈಗ ಮಾತಿಗೆ ಬರುತ್ತೇನೆ. ಪುಕ್ಕಟೆ ಎಂದು ನಾನೇ ಮೂಗು ಮುರಿದಿದ್ದೆ. ನೀವೇ ಕಣ್ಣು ತೆರೆಸಿದಿರಿ. ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು ಅಂದಿರಿ. ಇಷ್ಟು ಚಂದದ ಸಾಮಾನನ್ನು ಯಾಕೆ ಬೇಡ ಅನ್ನುತ್ತೀರಿ? ಬೀಗ ಹಾಕಿದ ಪೆಟ್ಟಿಗೆ ನನಗಂತೂ ಆಗಿಬರುವುದಿಲ್ಲ. ಬಚ್ಚಿಟ್ಟ ವಿದ್ಯೆಗೆ ಹುಳ ಬೀಳುತ್ತದೆ ಅನ್ನುವವಳು ನಾನು.

ನಾವು ಬೀರಪ್ಪನ ಒಕ್ಕಲು, ಆದರೆ ನಮ್ಮ ಮಾವ ಕುರಿ ಬಿಟ್ಟು ಮಗ್ಗ ಹೂಡಿದವರು. ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡಕ್ಕೂ ಉದ್ದೆಳೆಯ ಹಾಸು ಬೇರೆ ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯ ಕೊಂಡಿ ಹಾಕಿ ಕೂಡಿಸಿದ ಮೇಲೇ ನೇಯಬೇಕು. ನಲವತ್ತೈದು ವರ್ಷದಿಂದ ಅದೇ ನನ್ನ ಕೆಲಸ, ಈಗಲೂ ದಿನಾ ಕೊಂಡಿ ಹಾಕುತ್ತೇನೆ. ಅದಕ್ಕೇ ಹೇಳುತ್ತೇನೆ ಕೇಳಿ. ನನ್ನ ಮೊಮ್ಮಗಳು ಕೊಂಡಿ ಹಾಕದೆ ಒಡಲು ಕತ್ತರಿಸಿ ಬಿಸಾಡಿ, ಬರೀ ಸೆರಗು ಹಿಡಿದು "ಸೀರೆ ನೋಡ್ರಿ" ಅಂದಳು. ಅದು ಅವಳ ತಪ್ಪು. ಆದರೆ ಕೊಂಡಿಗೆ ಎರಡು ತುದಿ ಬೇಕಲ್ಲ, ಸಾಬರೇ. ನಿಮ್ಮ ತುದಿ ಎಲ್ಲಿ? "ನಮ್ಮ ಕಚೇರಿಗೆ ಹೊಂದುವುದಿಲ್ಲ" ಅನ್ನುವುದು ಕಾಗದದ ಮಾತು. ಖರೆ ಮಾತು ಬರೆಯಿರಿ.

ಹುಚ್ಚವ್ವ

*

ಬಾದಾಮಿ
೨೦ ಸೆಪ್ಟೆಂಬರ್ ೨೦೨೪

ಶ್ರೀಮತಿ ಹುಚ್ಚವ್ವನವರಿಗೆ,

ವಿಷಯ: ಖರೆ ಮಾತು.

ಈ ಪತ್ರಕ್ಕೆ ನಾಲ್ಕು ಕರಡು ಆದವು. ಮೊದಲ ಮೂರರಲ್ಲಿ ಸುತ್ತೋಲೆಗಳೂ ನಿಯಮಗಳೂ ಇದ್ದವು. ಹರಿದು ಹಾಕಿದೆ.

ನಾನು ೧೯೯೧ರಲ್ಲಿ ಕನ್ನಡ ಟೈಪ್‌ರೈಟರ್ ಪರೀಕ್ಷೆ ಪಾಸಾಗಿ ಸೇರಿದವನು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಯಾರೋ ಪುಣ್ಯಾತ್ಮರು ಅಕ್ಷರಗಳನ್ನು ಅದೇ ಸ್ಥಾನಗಳಲ್ಲಿ ಇಟ್ಟುಕೊಟ್ಟಿದ್ದರು. ಆದ್ದರಿಂದ ನನ್ನ ಬೆರಳುಗಳಿಗೆ ಏನೂ ಬದಲಾಗಲಿಲ್ಲ. ಕಿಟಕಿಯಾಚೆ ಕೋತಿಗಳನ್ನು ನೋಡುತ್ತ ಹೊಡೆಯುತ್ತಿದ್ದೆ, ಒಂದಕ್ಷರ ತಪ್ಪುತ್ತಿರಲಿಲ್ಲ. ಕಳೆದ ಜೂನ್ ೨೪ರ ಸೋಮವಾರ ಬಂದು ಕುಳಿತರೆ ಯಾವ ಅಕ್ಷರವೂ ತನ್ನ ಮನೆಯಲ್ಲಿರಲಿಲ್ಲ. ಹತ್ತು ಸಾಲಿನ ಜ್ಞಾಪನಕ್ಕೆ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಹಿಡಿಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಎಲ್ಲರೂ ಬೇರೆ ಕಡೆ ನೋಡಿದರು. ನಮ್ಮ ಸಿಪಾಯಿ ಹನಮಪ್ಪ ಚಹಾ ತಂದಿಟ್ಟು ಕಿವಿಯಲ್ಲಿ, "ಬಿಡ್ರಿ ಸರ, ಹುಡುಗೂರ ಕೈಲೆ ಮಾಡಸ್ತೇನಿ" ಅಂದ. ಮೂವತ್ತಮೂರು ವರ್ಷ ಎಲ್ಲರ ಕರಡು ತಿದ್ದಿದವನು ನಾನು, ಆ ಚಹಾವನ್ನು ಪಕ್ಕಕ್ಕೆ ಸರಿಸಿ ಲೇಖನಿ ಎತ್ತಿಕೊಂಡೆ. ಅಂದಿನಿಂದ ಎಲ್ಲವನ್ನೂ ಕೈಯಲ್ಲೇ ಬರೆಯುತ್ತೇನೆ. ಇದು ತತ್ವ ಎಂದು ಹೇಳಿಕೊಂಡಿದ್ದೇನೆ. ಶಾಲು ಎಂದು ತಾವು ಬರೆದದ್ದು ತಪ್ಪಲ್ಲ.

ನನ್ನ ಮನೆಯವಳು ಜೋಹರಾ ಇಳಕಲ್ಲಿನ ನೇಕಾರರ ಮಗಳು. ತಮ್ಮ ಕೊಂಡಿಯ ಮಾತನ್ನು ಓದಿ ಹೇಳಿದೆ. ಕೇಳಿ ನಕ್ಕಳು.

"ಯಾವ ಹುಚ್ಚವ್ವರಿ? ಕಮತಗಿ ಪರದೆ ಹುಚ್ಚವ್ವನ?"

"ಹಂಗಂದ್ರ?"

"ಕೊಂಡಿ ಹಾಕೂಮುಂದ ಪರದೆ ಎಳಕೊಂಡು ಕುಂದರ್ತಿದ್ಲು. ನಾ ಹನ್ನೆರಡು ವರ್ಷದಾಕಿ ಇದ್ದಾಗ ಕಲೀಬೇಕಂತ ಅಮ್ಮಿ ಜೋಡಿ ಹೋಗಿದ್ದೆ. ಆಕಿ ಕೈ ಭಾಳ ಚುರುಕು ಅಂತ ಊರೆಲ್ಲಾ ಅಂತಿತ್ತು. ಬಾಗಲದಾಗ ನಿಂದರಿಸಿ, ಕೈಯಾಗ ಬೆಲ್ಲದ ಚೂರು ಇಟ್ಟು, 'ಹೋಗ ಮಗಳ' ಅಂದ್ಲು."

ಬಚ್ಚಿಟ್ಟ ವಿದ್ಯೆಗೆ ಹುಳ ಬೀಳುತ್ತದೆ ಎಂದು ತಾವು ಬರೆದಿದ್ದೀರಿ. ತಮ್ಮ ಪರದೆ ಯಾವ ಬಟ್ಟೆಯದು ಎಂದು ಕೇಳಬಹುದೇ?

ಅಹ್ಮದಸಾಬ

*

ಬಾದಾಮಿ
೩೦ ಅಕ್ಟೋಬರ್ ೨೦೨೪

ಹುಚ್ಚವ್ವಕ್ಕನವರಿಗೆ,

ಈ ಪತ್ರಕ್ಕೆ ವಿಷಯ ಇಲ್ಲ, ಉಲ್ಲೇಖವೂ ಇಲ್ಲ. ನಲವತ್ತು ದಿನದಿಂದ ತಮ್ಮ ಪತ್ರ ಬಂದಿಲ್ಲ. ದಿನಾ ಟಪಾಲಿನ ಚೀಲ ನಾನೇ ಬಿಚ್ಚುತ್ತೇನೆ. ಮೊದಲು ತಮಗೆ ಮೈಯಲ್ಲಿ ಹುಷಾರಿಲ್ಲವೇನೋ ಅಂದುಕೊಂಡೆ. ಆದರೆ ಸುಧಾರಾಣಿ ನಗುತ್ತ ದೀಪಾವಳಿಗೆ ರಜೆ ಬರೆದುಕೊಟ್ಟಳು. ಅಂದ ಮೇಲೆ ತಾವು ಆರೋಗ್ಯವಾಗಿದ್ದೀರಿ, ಸಿಟ್ಟಾಗಿದ್ದೀರಿ.

ಜೋಹರಾ ನನ್ನ ಮೇಲೆ ಬೆಂಕಿಯಾಗಿದ್ದಾಳೆ. "ನಾ ಹೇಳಿದ್ದು ನಿಮಗ, ಆಕಿಗಲ್ಲ. ಹೆಣ್ಮಕ್ಕಳ ಮಾತನ ಯಾರರೆ ಅಂಚಿಗೆ ಹಾಕ್ತಾರೇನ್ರಿ? ಹಿರೇ ಮನಷ್ಯಾಳ ಮನಸ್ ನೋಯ್ಸಿದ್ರಿ." ಎರಡು ದಿನ ಪಲ್ಯಕ್ಕೆ ಉಪ್ಪಿರಲಿಲ್ಲ.

ನನ್ನ ಮಾತು ಹೆಚ್ಚಾಯಿತು. ಮರೆತುಬಿಡಿ.

ಅಭಿಪ್ರಾಯದ ನಮೂನೆ ಮೇಲಿನಿಂದ ಬಂದಿದೆ. ಒಂದು ಖಾನೆ, ಅದರಲ್ಲಿ "ಸಾಧ್ಯ" ಅಥವಾ "ಅಸಾಧ್ಯ" ಬರೆದು ಸಹಿ ಮಾಡಬೇಕು. ಉಳಿದ ಎಂಟು ಜನ ನಾನು ಬರೆಯಲೆಂದು ಕಾಯುತ್ತಿದ್ದಾರೆ. ನಾನು ಇನ್ನೂ ಬರೆದಿಲ್ಲ.

ಅಹ್ಮದಸಾಬ

*

ಕಮತಗಿ
೧೨ ನವೆಂಬರ್ ೨೦೨೪

ತಮ್ಮಾ ಅಹ್ಮದಸಾಬ,

ನನ್ನನ್ನು ನೀನೇ ಅಕ್ಕ ಅಂದೆ. ಅಂದ ಮೇಲೆ ನೀವು, ತಾವು ಸಾಕು. ಇನ್ನು ನೀನು.

ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಮೂರು ದಿನ ನಿನ್ನ ಹೆಸರು ಹಿಡಿದು ರೊಟ್ಟಿ ಬಡಿದೆ, ರೊಟ್ಟಿ ಭಾಳ ತೆಳ್ಳಗೆ ಬಂದವು. ನಾಲ್ಕನೆಯ ದಿನ ಸಿಟ್ಟು ಇಳಿಯಿತು. ಅದರ ಅಡಿಗೆ ಏನಿತ್ತು ಎಂದು ನೋಡಿದೆ. ಅದನ್ನು ಬರೆಯಲಿಕ್ಕೆ ಇಷ್ಟು ದಿನ ಬೇಕಾಯಿತು.

ನಾನು ಮದುವೆಯಾಗಿ ಬಂದ ವರ್ಷ ನಮ್ಮ ಅತ್ತಿ ಬೀರಪ್ಪನ ಭಂಡಾರದ ಅರಿಶಿನ ಮುಟ್ಟಿಸಿ ಆಣೆ ಮಾಡಿಸಿದ್ದಳು. ಈ ಮನೆಯ ಕೊಂಡಿಯ ಕೈಚಳಕ ಈ ಮನೆಯ ಸೊಸೆಗೆ ಮಾತ್ರ. ಮಗಳಿಗೂ ಇಲ್ಲ, ಅವಳು ಇನ್ನೊಂದು ಮನೆಗೆ ಒಯ್ಯುತ್ತಾಳೆ. ಆಣೆ ಮಾಡಿದೆ, ಪರದೆ ಕಟ್ಟಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಒಂದೇ ಹೆಣ್ಣು. ಗಂಡುಮಗನೇ ಇಲ್ಲದವಳಿಗೆ ಸೊಸೆ ಎಲ್ಲಿಂದ ಬರಬೇಕು? ಮಗಳು ಪರದೆಯ ಆಚೆ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಒಂದು ದಿನವೂ ಕೇಳಲಿಲ್ಲ. ಕೇಳದೆ ಇದ್ದದ್ದೇ ನನಗೆ ಇಷ್ಟು ವರ್ಷ ಚುಚ್ಚುತ್ತಿತ್ತು.

ಇನ್ನೊಂದು ಸುಳ್ಳೂ ಹೇಳಿದ್ದೇನೆ. ನಾನು ಕೊಂಡಿ ಹಾಕಿ ನಾಲ್ಕು ವರ್ಷ ಆಯಿತು. ಮೊಣಕಾಲು ಮಡಚುವುದಿಲ್ಲ. ನೆಲಕ್ಕೆ ಕುಳಿತು, ಎಳೆಗಳ ಕಟ್ಟನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದರೆ ಎರಡೂ ಕೈ ಬಿಡುವಾಗುತ್ತವೆ, ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಅದೇ ನಮ್ಮ ಮನೆಯ ಗುಟ್ಟು. ತಗೋ, ನಿನಗೂ ಹೇಳಿದೆ. ಕಾಲು ಮಡಚದವಳ ಹತ್ತಿರ ಗುಟ್ಟು ಇದ್ದರೇನು, ಬಿಟ್ಟರೇನು?

ದೀಪಾವಳಿಯ ಹಿಂದಿನ ದಿನ ಬೀರಪ್ಪನ ಗುಡಿಗೆ ಹೋದೆ. "ಅಪ್ಪಾ, ಆಣಿ ಮುರೀತೇನಿ. ಸಿಟ್ಟ ಬಂದ್ರ ನನ್ನ ಮ್ಯಾಲೆ ತೀರಿಸ್ಕೋ, ಹುಡುಗ್ಯಾರ ಮ್ಯಾಲೆ ಬ್ಯಾಡ" ಅಂದೆ. ಅಪ್ಪ ಏನೂ ಅನ್ನಲಿಲ್ಲ. ಪೂಜಾರಿ ಮಾತ್ರ, "ಏನಬೇ, ಅಪ್ಪಗೂ ಜೋರು ಮಾಡ್ತೀಯಲ್ಲ" ಅಂದ. ಮನೆಗೆ ಬಂದು ಪರದೆ ಬಿಚ್ಚಿದೆ. ಅದರಲ್ಲಿ ಎರಡು ಸಂತೆಚೀಲ ಹೊಲಿಸಿದ್ದೇನೆ, ಗಟ್ಟಿ ಬಟ್ಟೆ.

ಹಬ್ಬಕ್ಕೆ ಬಂದ ಮಗಳನ್ನು ಮೊದಲು ಕೂಡಿಸಿದೆ. "ಈಗ ನೆನಪಾತೇನಬೇ?" ಅಂದಳು. ಅಂದವಳು ನನ್ನ ಕಾಲು ಹಿಡಿದುಕೊಂಡು ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ, ನಾನೂ ಆಗ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಮಾರನೆಯ ದಿನದಿಂದ ಓಣಿಯ ಹುಡುಗಿಯರು ಬರುತ್ತಿದ್ದಾರೆ. ಅವರಲ್ಲಿ ಮುಬಶೀರಾ ಎಂಬವಳಿದ್ದಾಳೆ, ಎದುರು ಮನೆಯ ಮಗ್ಗದವರ ಮಗಳು. ಕೈಗಿಂತ ಬಾಯಿ ಮುಂದೆ. "ಹಿಂಗ ಯಾಕ ಆಯಿ? ಹಂಗ ಮಾಡಿದ್ರ ಏನಾಗ್ತತಿ ಆಯಿ?" ಅಂತ ತಲೆ ತಿನ್ನುತ್ತಾಳೆ.

ಈಗ ನಿನ್ನ ಸರದಿ. ಬಲ್ಲವರು ತಿದ್ದಬಹುದು ಎಂದು ನೀನೇ ಬರೆದೆ. ಹಾಗಿದ್ದರೆ ಆ ಅಕ್ಷರಗಳನ್ನು ನಿನ್ನ ಬೆರಳಿಗೆ ಗೊತ್ತಿದ್ದ ಜಾಗಕ್ಕೆ ತರಲಿಕ್ಕೆ ಆಗುವುದಿಲ್ಲವೇನು? ನನಗೇ ಹೊಳೆದದ್ದು ನಿನಗೆ ಹೊಳೆಯಲಿಲ್ಲವೇ? ಹೊಳೆದಿದೆ, ನನಗೆ ಗೊತ್ತು. ಹುಡುಗಿಯ ಮುಂದೆ ಬಾಯಿ ಬಿಡಲು ನಾಚಿಕೆ. ಕೂಸು ಅತ್ತರೇ ತಾಯಿಗೆ ಹಾಲಿನ ನೆನಪು. ನಾನು ದೇವರ ಆಣೆ ಮುರಿದೆ. ನಿನಗೆ ಮುರಿಯಲಿಕ್ಕೆ ಆಣೆಯೂ ಇಲ್ಲ, ಎದ್ದು ನಾಲ್ಕು ಹೆಜ್ಜೆ ನಡೆದರೆ ಆಯಿತು. ಹೋಗಿ ಕೇಳು.

ಜೋಹರಾಗೆ ಹೇಳು, ಅವಳ ಪಲ್ಯಕ್ಕೆ ಉಪ್ಪು ಹಾಕಲಿ. ತಪ್ಪು ನನ್ನದು.

ಅಕ್ಕ ಹುಚ್ಚವ್ವ

*

ಬಾದಾಮಿ
೧೦ ಜನವರಿ ೨೦೨೫

ಪ್ರೀತಿಯ ಅಕ್ಕನಿಗೆ,

ಈ ಪತ್ರ ಅಚ್ಚಿನಲ್ಲಿ ಬಂದದ್ದನ್ನು ನೋಡಿ ಎಲ್ಲವೂ ತಿಳಿದಿರುತ್ತದೆ. ಆದರೂ ಕ್ರಮವಾಗಿ ಹೇಳುತ್ತೇನೆ.

ನಿನ್ನ ಪತ್ರ ಬಂದ ವಾರ ಸುಧಾರಾಣಿಯ ಮೇಜಿನವರೆಗೆ ಎರಡು ಸಲ ಹೋಗಿ ತಿರುಗಿ ಬಂದೆ. ಮೂರನೆಯ ಸಲ ಅವಳೇ ತಲೆ ಎತ್ತಿದಳು.

"ಏನ್ ಸರ?"

"ಏನಿಲ್ಲವ್ವಾ. ಈ ಅಕ್ಷರ ಅದಾವಲ್ಲ, ಇವನ ಹಳೇ ಟೈಪ್‌ರೈಟರಿನಂಗ ಕುಂದ್ರಸಾಕ ಬರ್ತತೇನು?"

ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. "ಇಷ್ಟss ಏನ್ರಿ ಸರ? ಮದ್ಲ ಯಾಕ ಹೇಳ್ಲಿಲ್ರಿ? ನಾ ನಿಮಗ ಮನಸ್ಸಿಲ್ಲಂತ ತಿಳಕೊಂಡಿದ್ದೆ."

"ನಾ ನಿನಗ ಪುರುಸೊತ್ತಿಲ್ಲಂತ ತಿಳಕೊಂಡಿದ್ದೆ."

ಆದರೆ ಅವಳು ಟೈಪ್‌ರೈಟರನ್ನು ಕಣ್ಣಿನಿಂದ ನೋಡಿದವಳೇ ಅಲ್ಲ. ಯಾವ ಅಕ್ಷರ ಎಲ್ಲಿತ್ತೆಂದು ಹೇಳಲು ಹೋದರೆ ನನಗೂ ಬಾಯಿಗೆ ಬರಲಿಲ್ಲ. ಅದು ಬೆರಳಿಗೆ ಗೊತ್ತು, ನಾಲಿಗೆಗೆ ಗೊತ್ತಿಲ್ಲ. ಕೊನೆಗೆ ಕಣ್ಣು ಮುಚ್ಚಿ ಬರೀ ಮೇಜಿನ ಮೇಲೆ ಹೊಡೆದೆ, ಬೆರಳು ಬಿದ್ದ ಜಾಗಕ್ಕೆಲ್ಲ ಅವಳು ಸೀಮೆಸುಣ್ಣದಿಂದ ಗುರುತು ಹಾಕಿದಳು. ಹಾಗೆ ದಿನಾ ಊಟದ ಬಿಡುವಿನಲ್ಲಿ ಮೂರು ವಾರ. ಹಳೆಯ ಕಡತದ ರಟ್ಟಿನ ಮೇಲೆ ನಾನು ಪಟ ಬರೆದೆ, ಅವಳು ಅದನ್ನು ಕಂಪ್ಯೂಟರಿಗೆ ತಿಳಿಯುವ ಭಾಷೆಯಲ್ಲಿ ಬರೆದಳು. ತಪ್ಪಿದಾಗಲೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟೆ. "ಸರ, ನೀವು ಖರೇನ ಭಾಳ ಕಾಡ್ತೀರಿ" ಅಂದಳು. ಕಾಡಿದೆ. ಒಳಗೆ ಕೈ ಹಾಕಲು ಬಿಟ್ಟರೆ ಯಾರು ಬಿಡುತ್ತಾರೆ?

ಡಿಸೆಂಬರ್ ೧೧ರಂದು ಕಿಟಕಿಯ ಕಡೆ ಮುಖ ಮಾಡಿ ಕುಳಿತು ಹತ್ತು ಸಾಲಿನ ಜ್ಞಾಪನ ಹೊಡೆದೆ. ಆರು ನಿಮಿಷ. ಹನಮಪ್ಪ ಚಪ್ಪಾಳೆ ತಟ್ಟಲು ಹೋಗಿ ಚಹಾದ ತಟ್ಟೆಯನ್ನು ಸಾಹೇಬರ ಕಡತದ ಮೇಲೆ ಕವಿಚಿದ. ಆ ಕಡತವನ್ನು ಹೊಸದಾಗಿ ಹೊಡೆದುಕೊಟ್ಟವನೂ ನಾನೇ.

ಮೂವತ್ತರಂದು ನಮೂನೆಯ ಖಾನೆಯಲ್ಲಿ ಬರೆದೆ: "ಸಾಧ್ಯ. ಒಡಲನ್ನು ಕತ್ತರಿಸದೆ ಸೆರಗನ್ನು ಕೂಡಿಸಿದರೆ." ಎಂಟೂ ಜನ ನನ್ನ ಕೆಳಗೆ ಸಹಿ ಹಾಕಿದರು. ಒಡಲು, ಸೆರಗು ಎಂದರೇನು ಎಂದು ಬಾಗಲಕೋಟೆಯ ಮೇಲಿನ ಕಚೇರಿಯಿಂದ ಕೇಳಿ ಬಂತು. ಒಂದು ಪುಟದ ವಿವರಣೆ ಕಳಿಸಿದೆ. ಸುಧಾರಾಣಿಯ ಗುತ್ತಿಗೆ ಎರಡು ವರ್ಷ ಮುಂದುವರಿದಿದೆ. ಹುನಗುಂದ, ಇಳಕಲ್ ಕಚೇರಿಗಳನ್ನೂ ಅವಳಿಗೇ ಕೊಟ್ಟಿದ್ದಾರೆ. ಈ ಸಲ ಒಂದೊಂದೇ ಕಂಪ್ಯೂಟರ್, ಮೊದಲು ಅಲ್ಲಿನ ಅತ್ಯಂತ ಹಳೆಯ ಗುಮಾಸ್ತನ ಪಕ್ಕದಲ್ಲಿ ಕುಳಿತು.

ಹೋಗುವ ಮುನ್ನ ಕೇಳಿದಳು, "ಸರ, ಒಡಲು ಸೆರಗಿನ ಮಾತ್ ನಿಮಗ್ಯಾರ್ ಹೇಳಿದ್ರು?"

"ಟಪಾಲಿನ್ಯಾಗ ಬಂದಿತ್ತವ್ವಾ."

"ಆ ಟಪಾಲು ಬಯ್ತಿತ್ತೇನ್ರಿ ಸರ?" ಅಂದಳು.

ನಾನು ಟಪಾಲಿನ ಚೀಲ ಬಿಚ್ಚತೊಡಗಿದೆ. ಅವಳು ನಗುತ್ತ ಹೋದಳು. ಗುಟ್ಟು ಇನ್ನು ಉಳಿದಿಲ್ಲ ಎಂದು ತಿಳಿ.

ಇಲ್ಲಿಗೆ ಪತ್ರ ಮುಗಿಸಬೇಕಿತ್ತು. ಆದರೆ ನಿನ್ನ ಹತ್ತಿರ ಬಚ್ಚಿಡುವುದು ಬೇಡ. ನಾನು ಕಟ್ಟಿದ ಕೀಲಿಮಣೆಯನ್ನು, ಅಂದರೆ ಈ ಅಕ್ಷರಗಳ ಜೋಡಣೆಯನ್ನು, ಸುಧಾರಾಣಿ ನನ್ನ ಹೆಸರಿನಲ್ಲೇ ಎಲ್ಲ ಕಚೇರಿಗಳಿಗೆ ಹಂಚಿದಳು. ಹುನಗುಂದದಲ್ಲಿ ಅಬ್ದುಲಸಾಬ ಎಂಬ ಗುಮಾಸ್ತನಿದ್ದಾನೆ, ನನಗಿಂತ ಆರು ವರ್ಷ ಚಿಕ್ಕವನು. ಅವನು ಅದನ್ನು ತೆಗೆದುಕೊಂಡು, ಬಲಗೈ ಕಿರುಬೆರಳಿನ ಎರಡು ಅಕ್ಷರಗಳನ್ನು ಅದಲು ಬದಲು ಮಾಡಿ, "ಸುಧಾರಿಸಿದ್ದು" ಎಂದು ಮತ್ತೆ ಎಲ್ಲರಿಗೂ ಕಳಿಸಿದ್ದಾನೆ! ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಬೇಕಾಗಿಯೂ ಇಲ್ಲವಂತೆ. ಮೂರು ವಾರ ಊಟ ಬಿಟ್ಟು ಕಟ್ಟಿದ್ದು, ಅಕ್ಕ. ನಮ್ಮ ಕಚೇರಿಯ ಇಬ್ಬರು ಆಗಲೇ ಅವನದನ್ನು ಹಾಕಿಕೊಂಡು "ಚಲೋ ಐತ್ರಿ" ಅನ್ನುತ್ತಿದ್ದಾರೆ. ನಾನು ಮುಟ್ಟಿಲ್ಲ. ಮುಟ್ಟುವುದೂ ಇಲ್ಲ.

ನಿನ್ನ ತಮ್ಮ,
ಅಹ್ಮದಸಾಬ

*

ಕಮತಗಿ
೨೦ ಜನವರಿ ೨೦೨೫

ತಮ್ಮಾ ಅಹ್ಮದಸಾಬ,

ನಿನ್ನ ಅಚ್ಚಿನ ಪತ್ರ ಸಂಕ್ರಮಣದ ಮಾರನೆಯ ದಿನ ಬಂತು. ಸಾಲು ನೂಲು ಹಿಡಿದ ಹಾಗಿವೆ. "ಸಾಧ್ಯ" ಎಂಬ ಮಾತು ಬಂದ ಕೂಡಲೇ ಓಣಿಗೆ ಕೇಳುವ ಹಾಗೆ ಕೂಗಿದೆ. ಉಳಿದ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ ಎಲ್ಲ ಹಂಚಿಬಿಟ್ಟೆ. ಯಾಕೆ ಎಂದು ಕೇಳಿದವರಿಗೆ, "ನನ್ನ ತಮ್ಮ ಪಾಸಾದ" ಅಂದೆ. ಹುಚ್ಚವ್ವಗೆ ತಮ್ಮ ಯಾವಾಗ ಹುಟ್ಟಿದ ಎಂದು ಮುದುಕಿಯರೆಲ್ಲ ಲೆಕ್ಕ ಹಾಕುತ್ತಿದ್ದಾರೆ, ಹಾಕಿಕೊಳ್ಳಲಿ.

ಆಮೇಲೆ ಕೊನೆಯ ಸಾಲುಗಳಿಗೆ ಬಂದೆ. ಓದಿ ಎಷ್ಟು ನಕ್ಕೆನೆಂದರೆ, ಕೊಂಡಿ ಕಲಿಯಲೆಂದು ಹಬ್ಬದಿಂದ ಇಲ್ಲೇ ಉಳಿದಿರುವ ಮಗಳು ನೀರು ತಂದುಕೊಟ್ಟಳು. ಯಾಕೆ ನಕ್ಕೆ, ಕೇಳು.

ಆ ಬಾಯಿಬಡಕಿ ಮುಬಶೀರಾ ಇದ್ದಾಳಲ್ಲ, ಹದಿನೈದು ದಿನದ ಹಿಂದೆ ಬಟ್ಟೆ ಒಣಗಿಸುವ ಪ್ಲಾಸ್ಟಿಕ್ ಕ್ಲಿಪ್ಪು ಹಿಡಿದು ಬಂದಳು. ಮಂಚದ ಕಾಲಿಗೆ ದಾರ ಕಟ್ಟಿ, ದಾರಕ್ಕೆ ಕ್ಲಿಪ್ಪು ಸಿಕ್ಕಿಸಿ, ಎಳೆಗಳ ಕಟ್ಟನ್ನು ಅದರ ಬಾಯಿಗೆ ಕಚ್ಚಿಸಿದಳು. ಆಮೇಲೆ ಸ್ಟೂಲಿನ ಮೇಲೆ ಮಹಾರಾಣಿಯ ಹಾಗೆ ಕುಳಿತು ಕೊಂಡಿ ಹಾಕತೊಡಗಿದಳು.

"ಏನಿದು?" ಅಂದೆ.

"ಹೆಬ್ಬೆರಳಿನ ಬದಲಿ, ಆಯಿ."

ನನ್ನ ಮೈಯೆಲ್ಲ ಉರಿಯಿತು. ನಮ್ಮ ಅತ್ತಿಯ ಅತ್ತಿಯಿಂದ ಬಂದ ಹೆಬ್ಬೆರಳು! ಅದಕ್ಕಾಗಿ ಆಣೆ, ಅದಕ್ಕಾಗಿ ಪರದೆ, ಅದಕ್ಕಾಗಿ ಹೆತ್ತ ಮಗಳನ್ನು ದೂರ ಇಟ್ಟಿದ್ದೆ. ಇವಳು ನೋಡಿದರೆ ಅದರ ಜಾಗಕ್ಕೆ ಒಂದು ಕ್ಲಿಪ್ಪು ತಂದಿಟ್ಟಳು! "ಏಳ, ಎದ್ದು ಹೋಗ ಮನಿಗೆ" ಅಂದೆ. ಹೋದಳು. ಎಲ್ಲವನ್ನೂ ಹಾಗೇ ಬಿಟ್ಟು ಹೋದಳು.

ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಬಾಗಿಲು ಮುಂದೆ ಮಾಡಿ ಸ್ಟೂಲಿನ ಮೇಲೆ ಕುಳಿತೆ. ಒಂದು ಎಳೆ ಎತ್ತಿದೆ, ಕೊಂಡಿ ಹಾಕಿದೆ. ಬಿಗಿ ಸರಿಯಾಗಿತ್ತು. ಇನ್ನೊಂದು ಹಾಕಿದೆ. ಮೊಣಕಾಲು ಒಂದು ಮಾತೂ ಆಡಲಿಲ್ಲ, ತಮ್ಮಾ. ನಾಲ್ಕು ವರ್ಷದ ಮೇಲೆ ನನ್ನ ಕೈ ನನಗೆ ವಾಪಸು ಬಂತು. ಸಂಜೆ ಮಗಳು ಬಂದು ದೀಪ ಹಚ್ಚುವವರೆಗೆ ಎದ್ದಿಲ್ಲ, ಚಹಾ ಕುಡಿದಿಲ್ಲ. ನಾಚಿಕೆ ಬಿಟ್ಟು ಎದುರು ಮನೆಗೆ ಹೋಗಿ ಹುಡುಗಿಯನ್ನು ಕರೆದುಕೊಂಡು ಬಂದೆ. "ಕ್ಲಿಪ್ಪಿನ ಬಾಯಿಗೆ ಅರಿವಿ ಸುತ್ತಬೇಕಲೇ, ರೇಷ್ಮಿ ಎಳಿ ಕಡೀತದ" ಎಂದು ಒಂದು ತಪ್ಪು ಹಿಡಿದೆ, ಅಷ್ಟಾದರೂ ನನ್ನದಿರಲಿ ಎಂದು. ಆಕೆ ಕೂಡಲೇ ಅರಿವೆ ಸುತ್ತಿದಳು. ಇನ್ನೂ ಚಲೋ ಆಯಿತು. ಈಗ ಅದು ಅವಳದೋ ನನ್ನದೋ ನಮ್ಮ ಅತ್ತಿಯದೋ, ಇಬ್ಬರಿಗೂ ಹೇಳಲಿಕ್ಕೆ ಬರುವುದಿಲ್ಲ. ನಿನ್ನೆ ಇಳಕಲ್ಲಿನಿಂದ ಇಬ್ಬರು ಬಂದು ನೋಡಿಕೊಂಡು ಹೋದರು. ಅವರು ಅದಕ್ಕೆ ಏನು ಸೇರಿಸುತ್ತಾರೋ, ನಾನು ಕಾಯುತ್ತಿದ್ದೇನೆ.

ನಿನಗೆ ಅಷ್ಟು ದೂರದ ಹುನಗುಂದದವನು ನಿನ್ನ ಕೆಲಸವನ್ನು ಮನಸ್ಸಿಟ್ಟು ನೋಡಿದ್ದಾನೆ. ಚಲೋ ಅನ್ನಿಸದಿದ್ದರೆ ಎರಡೇ ಅಕ್ಷರ ಬದಲಿಸಿ ಬಿಡುತ್ತಿದ್ದನೇ? ಪೂರ್ತಿ ಬಿಸಾಡುತ್ತಿದ್ದ. ನಿನ್ನ ಹೆಸರು ಅದರ ಮೇಲೆ ಹಾಗೇ ಇದೆಯೋ ಇಲ್ಲವೋ ನೋಡು. ಇದ್ದೇ ಇರುತ್ತದೆ.

ನಾಳೆ ಬೆಳಿಗ್ಗೆ ಕಚೇರಿಗೆ ಹೋದ ಕೂಡಲೇ ಅಬ್ದುಲಸಾಬನ ಕೀಲಿಮಣೆ ಹಾಕಿಕೊಳ್ಳಬೇಕು. ಒಂದು ವಾರ ಅದರಲ್ಲೇ ಹೊಡೆಯಬೇಕು. ಚಲೋ ಇದ್ದರೆ ಅವನಿಗೊಂದು ಪತ್ರ ಹಾಕು. ಕೆಟ್ಟದ್ದಿದ್ದರೆ ನೀನೂ ತಿದ್ದಿ ಕಳಿಸು, ಅವನ ಊಟ ಕೆಡಲಿ. ಜೋಹರಾಳನ್ನು ಕರೆದುಕೊಂಡು ಒಂದು ಭಾನುವಾರ ಬಾ. ಅವಳಿಗೆ ಸ್ಟೂಲು ಹಾಕಿಟ್ಟಿದ್ದೇನೆ, ಅವಳ ಕೈ ಮರೆತಿದೆಯೋ ನೆನಪಿದೆಯೋ ನೋಡೋಣ.

ಎರಡು ಅಕ್ಷರ ಆಚೆ ಈಚೆ ಆದದ್ದರಿಂದ ನಿನ್ನ ಕಿರುಬೆರಳಿಗೆ ಸುಖವಾಯಿತೋ ಇಲ್ಲವೋ, ಖರೆ ಮಾತು ಬರೆ. ಫೆಬ್ರುವರಿ ಅರ್ಧ ಆಗುವ ಮೊದಲು ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು, ತಿಳಿಯಿತೇ?

ಅಕ್ಕ ಹುಚ್ಚವ್ವ